ಇಬ್ಬರು ನಿಂತರೆ ಫುಟ್‌ಬಾಲ್

೨೦೦೩ರ ಆಗಸ್ಟ್ ೩೧, ರವಿವಾರ. ಇಂಡಿ ಪಟ್ಟಣದಲ್ಲಿ ಕಲ್ಮೇಶ ನಡೆಸುತ್ತಿದ್ದ ಕೇಬಲ್ ಟಿ.ವಿ.ಗೆ ಅಂದು ೪೧೨ ಮನೆಗಳು ಸೇರಿದ್ದವು. ಅವುಗಳಲ್ಲಿ ಫುಟ್‌ಬಾಲ್ ಬೇಕೆಂದವು ಎರಡು.

ಒಂದು ಬಸವಂತರಾಯರ ಮನೆ. ಅವರು ಸಕ್ಕರೆ ಕಾರ್ಖಾನೆಯೊಂದರ ಕಾಟಾದ ಮೇಲೆ ಕಬ್ಬಿನ ಗಾಡಿಗಳನ್ನು ತೂಗಿಸುವ ಕೆಲಸ ಮಾಡಿ ನಿವೃತ್ತರಾದವರು. ಮದುವೆಯಾಗಿರಲಿಲ್ಲ, ತಮ್ಮ ರೇವಪ್ಪನ ಸಂಸಾರದೊಡನೆ ಇದ್ದರು. ಇನ್ನೊಂದು ಅಮೀನುದ್ದೀನನ ಮನೆ. ಅವನು ಗೋವೆಯ ಮಡಗಾಂವದ ಬೇಕರಿಗಳಲ್ಲಿ ಪ್ರಾಯವನ್ನೆಲ್ಲ ಕಳೆದು, ಊರಿಗೆ ಮರಳಿ, ಬಸ್ ನಿಲ್ದಾಣದ ಹಿಂದೆ ಸ್ವಂತ ಬೇಕರಿ ಭಟ್ಟಿ ಹಾಕಿ ಪಾವು-ಬ್ರೆಡ್ಡು ಮಾರುತ್ತಿದ್ದ. ರಾಯರು ಮ್ಯಾಂಚೆಸ್ಟರ್ ಯುನೈಟೆಡ್ ಪಕ್ಷ, ಅವನು ಆರ್ಸೆನಲ್ ಪಕ್ಷ. ಇಬ್ಬರೂ ಇಂಗ್ಲೆಂಡನ್ನು ಕಂಡವರಲ್ಲ.

ಕಲ್ಮೇಶನ ಬಳಿ ಬಿಡುವಿದ್ದ ಚಾನೆಲ್ ಒಂದೇ. ಸಂಜೆ ಅದರಲ್ಲಿ ಸಿ.ಡಿ.ಯ ಸಿನಿಮಾ ಓಡುತ್ತಿತ್ತು. ಬೇರೇನಾದರೂ ಬೇಕಾದರೆ ಬೇರೆ ಬೇರೆ ಮನೆಗಳ ಇಬ್ಬರು ಖುದ್ದಾಗಿ ಬಂದು ಕೇಬಲ್ ಕೋಣೆಯ ಮುಂದೆ ನಿಲ್ಲಬೇಕು ಎಂಬುದು ಅವನು ಮಾಡಿದ ನಿಯಮ. ಫೋನು ನಡೆಯದು, ಚೀಟಿಯೂ ನಡೆಯದು. ಹಿಂದಿನ ವರ್ಷ ಒಬ್ಬ ಗಿರಾಕಿ ಹಟ ಹಿಡಿದು ಕುಸ್ತಿ ಹಾಕಿಸಿಕೊಂಡು ತಾನು ಮಾತ್ರ ಮಲಗಿಬಿಟ್ಟಿದ್ದ; ಮರುದಿನ ಅರ್ಧ ಊರು ಬಂದು ಕಲ್ಮೇಶನನ್ನು ಬೈದಿತ್ತು. ಅಂದಿನಿಂದ ಈ ನಿಯಮ.

ಹೀಗಾಗಿ ಎದುರಾಳಿಗಳಾದರೂ ಒಬ್ಬರಿಲ್ಲದೆ ಇನ್ನೊಬ್ಬರಿಗೆ ಆಟವಿರಲಿಲ್ಲ. ಆಟದ ದಿನ ಜೊತೆಯಾಗಿ ಬಂದು ನಿಲ್ಲುವರು, ಕಲ್ಮೇಶ ತಲೆಯಾಡಿಸಿದ ಮೇಲೆ ತಂತಮ್ಮ ಮನೆಗೆ ಹೋಗುವರು. ರಾಯರು ಪಡಸಾಲೆಗೆ ಬಂದು ಕೂತರೆಂದರೆ ರೇವಪ್ಪನ ಮನೆಮಂದಿ ಗೌರವದಿಂದ ಎದ್ದು ಒಳಗೆ ನಡೆಯುತ್ತಿದ್ದರು. ತೊಂಬತ್ತು ನಿಮಿಷ ಆ ದೊಡ್ಡ ಪಡಸಾಲೆಯಲ್ಲಿ ಅವರೊಬ್ಬರೇ. ಮನಸ್ಸಿನೊಳಗೆ ಮಾತ್ರ ಪ್ರತಿಯೊಂದು ಹೊಡೆತಕ್ಕೂ ಅಮೀನುದ್ದೀನನಿಗೆ ಒಂದು ಉತ್ತರ ಸಿದ್ಧವಾಗುತ್ತಿತ್ತು. ಮರುದಿನ ಬೆಳಿಗ್ಗೆ ಬೇಕರಿಯ ಬೆಂಚಿನ ಮೇಲೆ ಅವೆಲ್ಲವೂ ಹೊರಬರುತ್ತಿದ್ದವು. ವಾರದಲ್ಲಿ ರಾಯರು ಬಾಯ್ತುಂಬ ಮಾತಾಡುತ್ತಿದ್ದುದು ಅಷ್ಟೇ.

ಆ ರವಿವಾರ ಯುನೈಟೆಡ್ ಕೊನೆಯ ನಿಮಿಷಗಳಲ್ಲಿ ಒಂದು ಗೋಲು ತಿಂದು ಸೋತಿತು. ಬೇರೊಂದು ಆಟದಲ್ಲಿ ಆರ್ಸೆನಲ್ ಗೆದ್ದಿತು.

"ಬರ್ರಿ ರಾಯರ, ಬರ್ರಿ," ಎಂದ ಅಮೀನುದ್ದೀನ ಸೋಮವಾರ, ಭಟ್ಟಿಯ ಬಾಯಿಂದಲೇ. "ನಿಮ್ಮ ಮಂದಿ ರಾತ್ರಿ ಊಟಾ ಮಾಡಿದ್ರೋ, ಹಂಗ ಮಲಗಿದ್ರೋ?"

"ನಾಕು ಆಟ ಆಗ್ಯಾವ. ಇನ್ನ ಮೂವತ್ನಾಕು ಅದಾವ," ಎಂದರು ರಾಯರು.

"ನಮ್ಮವು ನಾಕಕ್ಕ ನಾಕು ಗೆದ್ದಾವ. ಹನ್ನೆರಡು ಪಾಯಿಂಟ್. ನಿಮ್ಮವು ಒಂಬತ್ತು. ವಜಾಬಾಕಿ ನಾ ಮಾಡ್ಲೇನ್ರಿ, ನೀವ ಮಾಡ್ತೀರಿ?"

"ಮೊದಲಿನ ನಾಕು ಗಾಡಿ ತೂಗಿ ಇಡೀ ಹಂಗಾಮಿನ ಕಬ್ಬು ಇಷ್ಟ ಅನ್ನೂವನ್ನ ನಾವು ಕಾಟಾದ ಸನೇಕ ಬಿಡ್ತಿದ್ದಿಲ್ಲ."

"ಗಾಡಿ ಸುದ್ದಿ ತಗೀಬ್ಯಾಡ್ರಿ. ನಿಮ್ಮ ಗಾಡಿ ನಿನ್ನಿ ಗೇಟಿನ್ಯಾಗ ಪಲ್ಟಿ ಹೊಡೀತಲ್ಲ! ಈ ವರ್ಷ ನಮ್ಮವರು ಸೋಲಾಂಗೇ ಇಲ್ಲ. ಬರಕೋರಿ."

ಬೆಂಚಿನವರು ನಕ್ಕರು. ಲಿಂಬೆಹಣ್ಣಿನ ದಲಾಲ ಮಾಳಿಂಗಪ್ಪನಿಗೆ ಆಟದ ಗಂಧವಿರಲಿಲ್ಲ, ಅವನೂ ಚಹಾದ ಬಸಿ ಕೆಳಗಿಟ್ಟು ಒಂದು ಮಾತು ಸೇರಿಸಿದ: "ರಾಯರ, ಕಬ್ಬಿನ್ಯಾಗ ರಸಾನ ಇಲ್ಲೇಳ್ರಿ. ತೂಗಿ ಏನ್ಮಾಡೂದು?"

ಎರಡನೆಯ ಸಲ ಎದ್ದ ನಗು ಹೆಚ್ಚು ಹೊತ್ತು ಉಳಿಯಿತು. ಕಾಟಾದ ಮುಂದೆ ನಿಂತಷ್ಟು ಕಾಲವೂ ರಾಯರ ಲೆಕ್ಕವನ್ನು ಕೇಳಿ ಯಾರೂ ನಕ್ಕಿರಲಿಲ್ಲ.

"ಆಟದ್ದು ನಿನಗೇನು ಗೊತ್ತೋ?" ಎಂದರು. "ಮಡಗಾಂವದಾಗ ಮಾಲಕನ ಮನಿ ಕಿಡಕಿ ಹೊರಗ ನಿಂತು ನೋಡಿದಾಂವ ನೀ. ಅವರು ಪರದೆ ಎಳದ್ರ ಅರ್ಧಾ ಆಟ ಕಂಡಾಂವ."

ಅದು ಸುಳ್ಳಲ್ಲ. ಒಂದು ಸಂಜೆ ಕೇಬಲ್ ಕೋಣೆಯ ಮುಂದೆ ಕಾಯುವಾಗ ಅಮೀನುದ್ದೀನನೇ ತನ್ನನ್ನು ತಾನು ನಗೆಯಾಡಿಕೊಳ್ಳುತ್ತ ಅದನ್ನು ಹೇಳಿದ್ದ. ಆದರೆ ಗಲ್ಲೆಯ ಹಿಂದೆ ಅವನ ಹೆಂಡತಿ ಅಬಿದಾ ಕೂತಿದ್ದಳು. ಮಾಲಕನ ಮಕ್ಕಳ ಜೊತೆ ಕುರ್ಚಿಯ ಮೇಲೆ ಕೂತು ಆಟ ನೋಡುತ್ತಿದ್ದೆನೆಂದು ಗಂಡ ಹೇಳಿದ್ದನ್ನು ಇಷ್ಟು ವರ್ಷವೂ ನಂಬಿದ್ದವಳು. ಅವಳು ಚಿಲ್ಲರೆ ಎಣಿಸುವುದನ್ನು ನಿಲ್ಲಿಸಿ ಗಂಡನ ಕಡೆ ನೋಡಿದಳು.

ಅಮೀನುದ್ದೀನ ಕೈಯ ಹಿಟ್ಟನ್ನು ಒರೆಸಿಕೊಂಡ.

"ಪಾವು ಎಷ್ಟು ಕಟ್ಟಲಿ, ಸಾಹೇಬ್ರ?" ಎಂದ.

ಅದುವರೆಗೆ ಅವನು ಅವರನ್ನು ಎಂದೂ ಸಾಹೇಬ್ರು ಎಂದಿರಲಿಲ್ಲ.

ಮುಂದಿನ ಆಟದ ದಿನ ಸೆಪ್ಟೆಂಬರ್ ೧೩. ಕೇಬಲ್ ಕೋಣೆಯ ಮುಂದೆ ರಾಯರು ಒಬ್ಬರೇ ನಿಂತರು. ಕಲ್ಮೇಶ ಎರಡು ಸಲ ಹೊರಗೆ ಇಣುಕಿದ.

"ಚಾಚಾ ಎಲ್ರಿ, ಕಾಕಾ?"

"ಬಂದಿಲ್ಲ."

"ಹಂಗಾರ ನಾ ಏನ್ಮಾಡ್ಲಿ? ನಿಮಗೊಬ್ಬರಿಗೆ ಹಾಕಿದ್ರ ನಾಳೆ ಕುಸ್ತಿಯಾಂವ ಬಂದು ಕುಂದರ್ತಾನ್ರಿ."

ನಿಯಮ ಸರಿಯಾಗಿತ್ತು. ರಾಯರು ವಾದಿಸಲಿಲ್ಲ. ಮನೆಗೆ ಬಂದಾಗ ಪಡಸಾಲೆಯಲ್ಲಿ ಸಿನಿಮಾ ಓಡುತ್ತಿತ್ತು. ರೇವಪ್ಪನ ಮಕ್ಕಳು ಮೊಮ್ಮಕ್ಕಳು ಜಾಗ ಬಿಟ್ಟುಕೊಟ್ಟು ಅವರನ್ನು ನಡುವೆ ಕೂಡಿಸಿದರು. ಎಲ್ಲರೂ ನಕ್ಕ ಕಡೆ ಇವರು ತಡವಾಗಿ ನಕ್ಕರು. ಆಟಗಳ ಫಲಿತಾಂಶ ಅವರಿಗೆ ತಿಳಿದದ್ದು ಪತ್ರಿಕೆಯಿಂದ: ಆರ್ಸೆನಲ್ ಸಮ ಮಾಡಿಕೊಂಡಿತ್ತು, ಯುನೈಟೆಡ್ ಗೆದ್ದಿತ್ತು. ಹದಿಮೂರು, ಹನ್ನೆರಡು. ಅಂತರ ಒಂದಕ್ಕೆ ಇಳಿದಿತ್ತು. ಈ ಮಾತನ್ನು ಹೇಳಲು ಇಡೀ ಇಂಡಿಯಲ್ಲಿ ಅವರಿಗೆ ಒಬ್ಬನೇ ಇದ್ದ.

ಸೆಪ್ಟೆಂಬರ್ ೨೧ರಂದು ಆ ಎರಡು ತಂಡಗಳೇ ಎದುರುಬದುರು. ರಾಯರು ಬೇರೆ ದಾರಿ ಕಾಣದೆ ಮಾಳಿಂಗಪ್ಪನನ್ನು ಕರೆತಂದು ಪಕ್ಕದಲ್ಲಿ ನಿಲ್ಲಿಸಿದರು.

"ನಿಮಗೂ ಫುಟ್‌ಬಾಲ್ ಬೇಕೇನ್ರಿ?" ಎಂದು ಕಲ್ಮೇಶ ಮಾಳಿಂಗಪ್ಪನನ್ನು ಕೇಳಿದ.

"ಬೇಕೋ, ಬೇಕು."

"ಇವತ್ತ ಯಾರ್ಯಾರದು ಐತಿ?"

ಮಾಳಿಂಗಪ್ಪ ರಾಯರ ಮುಖ ನೋಡಿದ. ರಾಯರು ಹೇಳಿಕೊಡಲಿಲ್ಲ, ತಪ್ಪು ತೂಕಕ್ಕೆ ಕಣ್ಣುಮುಚ್ಚುವ ಅಭ್ಯಾಸ ಅವರಿಗಿರಲಿಲ್ಲ.

"ನಮ್ಮವರದು, ಪಾಕಿಸ್ತಾನದವರದು," ಎಂದ ಮಾಳಿಂಗಪ್ಪ ಧೈರ್ಯವಾಗಿ.

ಕಲ್ಮೇಶ ಬಾಗಿಲಿಗೆ ಒರಗಿ ನಕ್ಕ. ಮಾಳಿಂಗಪ್ಪನೂ ನಕ್ಕು, ಲಿಂಬೆ ಲೋಡು ಬಂದಿದೆಯೆಂದು ಹೊರಟುಹೋದ.

ಕೊನೆಗೆ ರಾಯರು ಬೇಕರಿಗೆ ನಡೆದರು. ಆ ಬೈಗಿನಲ್ಲಿ ಅಂಗಡಿಯ ಮುಂದೆ ಯಾರೂ ಇರಲಿಲ್ಲ. ಅಮೀನುದ್ದೀನ ಹಿಟ್ಟು ನಾದುತ್ತಿದ್ದ.

"ಇವತ್ತ ಎಂಟೂವರಿಗೆ ಐತಿ," ಎಂದರು.

"ಗೊತ್ತೈತ್ರಿ."

"ಬಂದು ನಿಂದರ್ತೀಯೇನು?"

"ಭಟ್ಟಿ ಹಚ್ಚೇನ್ರಿ, ಸಾಹೇಬ್ರ."

ತಪ್ಪಾಯಿತೆಂಬ ಮಾತು ಅಲ್ಲಿಯೇ ಹೇಳಬಹುದಾಗಿತ್ತು. ರಾಯರಿಗೆ ಅದು ನಾಲಿಗೆಯವರೆಗೆ ಬಂತು; ಆಟ ಬೇಕಾದ್ದರಿಂದ ಹೇಳುತ್ತಿದ್ದೇನೆಂದು ಅವನು ತಿಳಿದಾನೆಂದು ಅಲ್ಲಿಯೇ ನಿಂತಿತು. ಅವರು ಹಿಂತಿರುಗಿದರು.

ಎಂಟೂವರೆಗೆ ಪಡಸಾಲೆಯಲ್ಲಿ ಸಿನಿಮಾ ತುಂಡಾಗಿ ಪರದೆ ಹಸಿರಾಯಿತು. ಮಕ್ಕಳು ಗೊಣಗಿದರು. "ಏಳ್ರಿ, ಏಳ್ರಿ, ಅಣ್ಣನ ಆಟ ಐತಿ," ಎಂದು ರೇವಪ್ಪ ಎಲ್ಲರನ್ನೂ ಎಬ್ಬಿಸಿಕೊಂಡು ಒಳಗೆ ಹೋದ. ರಾಯರು ಎಂದಿನಂತೆ ಒಬ್ಬರೇ ಕೂತರು. ಗೋಲುಗಳಾಗಲಿಲ್ಲ. ಕೊನೆಯ ಗಳಿಗೆಯಲ್ಲಿ ಯುನೈಟೆಡ್‌ಗೆ ಪೆನಾಲ್ಟಿ ಸಿಕ್ಕಿತು. ಚೆಂಡು ಮೇಲಿನ ಅಡ್ಡಪಟ್ಟಿಗೆ ಬಡಿದು ಮರಳಿತು. ರಾಯರು ಎದ್ದು ನಿಂತು ಏನೋ ಅಂದರು. ಯಾರೂ ಇಲ್ಲದ್ದರಿಂದ ಮತ್ತೆ ಕೂತರು.

ಮರುದಿನ ಅವರು ಮೊದಲು ಹೋದದ್ದು ಕಲ್ಮೇಶನ ಬಳಿಗೆ.

"ನಿನ್ನಿ ಯಾರು ನಿಂತ್ರು?"

"ಚಾಚಾ ಬಂದಿದ್ರಲ್ರಿ, ಹಿಟ್ಟಿನ ಕೈಲೆ. 'ರಾಯರು ಮೊದಲ ನಿಂತು ಹೋಗ್ಯಾರ, ಈಗ ನಾ ನಿಂತೇನಿ, ಕೂಡಸು, ಎಷ್ಟು ಆತು?' ಅಂದ್ರು. ನಾ ಏನನ್ನಲಿ? ಹಾಕಿದೆ."

ಬೇಕರಿಯ ಬೆಂಚು ತುಂಬಿತ್ತು. ಅಮೀನುದ್ದೀನ ಒಳಗಿದ್ದ. ರಾಯರು ಗಲ್ಲೆಯ ಮುಂದೆ ನಿಂತು ಅಬಿದಾಳನ್ನು ಕೇಳಿದರು: "ನಿನ್ನಿ ಆಟ ನೋಡಿದ್ನೇನವ್ವಾ ಅಂವಾ?"

"ಎಲ್ಲಿಂದ ನೋಡ್ತಾರ್ರಿ? ಟಿ.ವಿ. ಸಿಂದಗಿಯಾಗ ನನ್ನ ತಮ್ಮನ ಮನಿಗೆ ಕೊಟ್ಟು ಬಂದ್ರು. ಆ ಸೋಮವಾರ ನೀವು ಅಂದು ಹೋದ ಮರುದಿನಾನ." ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. "ಬ್ಯಾಡ ಅಂದ್ರೂ ಕೇಳಲಿಲ್ಲ. ಇನ್ನ ಮ್ಯಾಲೆ ಆಟದ ಸುದ್ದಿ ಮನಿಯಾಗ ಬ್ಯಾಡ ಅಂದ್ರು."

ತನಗೆ ಕಾಣದ ಆಟಕ್ಕಾಗಿ ಅವನು ಭಟ್ಟಿ ಬಿಟ್ಟು ಬಂದು ನಿಂತಿದ್ದ. ಅಮೀನುದ್ದೀನ ಬಿಸಿ ಪಾವಿನ ತಟ್ಟೆ ಹೊತ್ತು ಹೊರಗೆ ಬಂದ.

"ಎಷ್ಟು ಕಟ್ಟಲಿ, ಸಾಹೇಬ್ರ?"

"ಸೊನ್ನಿ ಸೊನ್ನಿ ಆತು," ಎಂದರು ರಾಯರು.

ಅವನು ತಟ್ಟೆಯನ್ನು ಗಲ್ಲೆಯ ಪಕ್ಕಕ್ಕಿಟ್ಟ.

"ಕಡೀಕ ನಮಗ ಪೆನಾಲ್ಟಿ ಸಿಕ್ಕಿತ್ತು. ಮ್ಯಾಲಿನ ಪಟ್ಟಿಗೆ ಹೊಡದ್ರು. ನಿಮ್ಮವರು ಇನ್ನೂ ಸೋತಿಲ್ಲ."

ಇಷ್ಟು ಬಾಗಿಲು ತೆರೆದುಕೊಟ್ಟು ರಾಯರು ಕಾದರು. ಹಳೆಯ ಅಮೀನುದ್ದೀನನಾಗಿದ್ದರೆ ಇದೊಂದು ಪೆನಾಲ್ಟಿಯಿಂದ ಅವರನ್ನು ದೀಪಾವಳಿಯವರೆಗೆ ಕಾಡುತ್ತಿದ್ದ.

"ಛಲೋ ಆತ್ರಿ," ಎಂದು ಅವನು ಪಾವು ಕಟ್ಟತೊಡಗಿದ.

ರಾಯರು ತಪ್ಪಾಯಿತೆನ್ನಲು ಬಾಯಿ ತೆರೆದರು. ಅಷ್ಟರಲ್ಲಿ ದೇವಣಗಾಂವದ ಟೆಂಪೋ ಬಂದು ನಿಂತು, ಇಳಿದವರು ಅಂಗಡಿಯನ್ನು ಮುತ್ತಿದರು. "ಸರೀರಿ ಯಜಮಾನ್ರ," ಎಂದು ಯಾರೋ ಅಂದರು. ರಾಯರು ಸರಿದರು. ಇನ್ನೊಬ್ಬನಿಗೆ ಜಾಗ ಕೊಡಲು ಮತ್ತೊಂದು ಹೆಜ್ಜೆ ಸರಿದು, ಪಾವಿನ ಪೊಟ್ಟಣ ಹಿಡಿದುಕೊಂಡು ರಸ್ತೆಗೆ ಬಂದರು.

ಬೆಂಚಿನ ಮುಂದೆ, ಅಬಿದಾಳ ಮುಂದೆ ಆಡಿದ ಮಾತನ್ನು ಅವರೆಲ್ಲರ ಎದುರಿಗೇ ಹಿಂದಕ್ಕೆ ಪಡೆಯಬೇಕಾಗಿತ್ತು. ಆ ಸಾಲ ಆ ದಿನವೂ ಸಂದಾಯವಾಗಲಿಲ್ಲ.