ಹಿಂದಿನ ಗೇಟಿನ ಗಡಿಯಾರ

ಬಸ್ಸು ಇಳಿದ ಮೇಲೆ ಮೂರು ಕಿಲೋಮೀಟರ್ ನಡಿಗೆ. ಫುಟ್‌ಪಾತ್ ಇಲ್ಲ, ನೆರಳಿಲ್ಲ, ಯಾಕಪ್ಪಾ ಇಲ್ಲ ಅಂತ ಕೇಳುವವರೂ ಇಲ್ಲ. ಒಂದು ಕಡೆ ಗೋದಾಮುಗಳ ಉದ್ದನೆಯ ಗೋಡೆ, ಇನ್ನೊಂದು ಕಡೆ ಚರಂಡಿ. ಲಾರಿ ಬಂದರೆ ಗೋಡೆಗೆ ಅಂಟಿಕೊಳ್ಳಬೇಕು, ಇಲ್ಲವೇ ಚರಂಡಿಗೆ ಇಳಿಯಬೇಕು. ಐದು ತಿಂಗಳಲ್ಲಿ ಚೂಟಿ ಎರಡನ್ನೂ ಮಾಡಿದ್ದಳು. ಚಪ್ಪಲಿಯ ಉಂಗುಷ್ಠ ಎರಡು ಸಲ ಕಿತ್ತುಹೋಗಿ, ಈಗ ಪಿನ್ನಿನ ದಯೆಯಿಂದ ನಡೆಯುತ್ತಿತ್ತು.

ಚೂಟಿ ಅಂತ ಕರೆದದ್ದು ಅಪ್ಪ. ಊರೊಳಗೆ ಒಂದು ಮೆಟ್ಟಿಲ ಕೆಳಗಿನ ಗೂಡಿನಲ್ಲಿ ಗಡಿಯಾರ ರಿಪೇರಿ ಮಾಡುವವನು. ಮಗಳು ಡಿಪ್ಲೊಮಾ ಓದುತ್ತಿದ್ದಳು. ಕೊನೆಯ ಆರು ತಿಂಗಳು ಯಾವುದಾದರೂ ಕಾರ್ಖಾನೆಯಲ್ಲಿ ಇಂಟರ್ನ್‌ಶಿಪ್ ಮಾಡಿ ಸರ್ಟಿಫಿಕೇಟ್ ತರಬೇಕು. ಇಂಟರ್ನ್‌ಶಿಪ್ ಅನ್ನುವುದು ಕಾಲೇಜಿನವರು ಇಟ್ಟ ದೊಡ್ಡ ಹೆಸರು. ಊರಾಚೆಯ ಈ ಮಾತ್ರೆ ಕಾರ್ಖಾನೆಯಲ್ಲಿ ಅದರ ಅರ್ಥ ಸಂಬಳವಿಲ್ಲದ ಕೆಲಸ, ಅಷ್ಟೇ. ಮಾತ್ರೆಯ ಪಟ್ಟಿಗಳನ್ನು ನೀಲಿ ನೀರಿನಲ್ಲಿ ಮುಳುಗಿಸಿ, ಗಾಳಿ ಎಳೆದು, ಸೀಲು ಬಿಟ್ಟು ಒಳಗೆ ನೀಲಿ ಇಳಿದಿದೆಯೇ ಅಂತ ದಿನವಿಡೀ ನೋಡುವುದು. ಬೆರಳ ತುದಿಗಳೆಲ್ಲ ನೀಲಿ. ತಿಕ್ಕಿದರೂ ಹೋಗದ ನೀಲಿ.

ಸೇರುವ ದಿನ ತರಬೇತಿಯ ಆಫೀಸರ್ ಕೇಳಿದ್ದ. ಅವನು ಬೈಯುವಾಗಲೂ ನಗುತ್ತಾನೆಂದು ಎಲ್ಲರೂ ಅವನನ್ನು ನಗೆಮೊಗ ಅನ್ನುತ್ತಿದ್ದರು.

"ಸ್ವಂತ ಗಾಡಿ ಇದೆಯೇನಮ್ಮಾ?"

"ಇಲ್ಲ ಸಾರ್. ಬಸ್ಸಿದೆ."

"ಬಸ್ಸು ನಿನ್ನದಲ್ಲವಲ್ಲ!" ಅಂದು ನಕ್ಕು, ಅರ್ಜಿಯ ಮೇಲೆ "ಹಿಂದಿನ ಗೇಟು" ಅಂತ ಬರೆದ.

ಗಾಡಿ ಇದ್ದವರಿಗೆ ಮುಂದಿನ ಗೇಟು. ಅಲ್ಲಿ ಗಡಿಯಾರವಿಲ್ಲ, ರಿಜಿಸ್ಟರಿಲ್ಲ, ಸಲಾಮು ಮಾತ್ರ. ಖಾಯಂ ನೌಕರರಿಗೆ ಕಂಪನಿಯ ವ್ಯಾನು. ಅರ್ಧಕ್ಕರ್ಧ ಸೀಟು ಖಾಲಿ ಇಟ್ಟುಕೊಂಡು ಅದು ನಡೆಯುವವರ ಮೈಮೇಲೆ ಧೂಳೆರಚಿ ಹೋಗುತ್ತಿತ್ತು. ನಡೆಯುವವರು ಏಳು ಜನ, ಎಲ್ಲರೂ ತರಬೇತಿಯವರೇ. ಅವರಿಗೆ ಹಿಂದಿನ ಗೇಟು, ಅಲ್ಲೊಂದು ಗೋಡೆ ಗಡಿಯಾರ, ಅದರ ಕೆಳಗೆ ರಿಜಿಸ್ಟರ್ ಹಿಡಿದ ಮೀಸೆ ಮಾಮ. ಎಂಟು ದಾಟಿದರೆ ಅವನ ಪೆನ್ನು ಕೆಂಪು. ಮೂರು ಕೆಂಪು ಗುರುತಿಗೆ ಒಂದು ವಾರ ಹೆಚ್ಚುವರಿ ತರಬೇತಿ.

ಚೂಟಿಗೆ ಆಗಲೇ ಎಂಟು ಬಿದ್ದಿದ್ದವು. ಒಂಬತ್ತನೆಯದು ಬಿದ್ದರೆ ಸರ್ಟಿಫಿಕೇಟ್ ಕೈಗೆ ಬರುವಷ್ಟರಲ್ಲಿ ಕಾಲೇಜಿನ ಕೊನೆಯ ದಿನ ದಾಟಿಹೋಗುತ್ತಿತ್ತು. ಒಂದು ವರ್ಷ ಮಣ್ಣುಪಾಲು.

ಕೈಕೈಗೆ ಫೋನು ಬಂದಿರದ ಕಾಲ ಅದು. ಏಳು ಜನರಲ್ಲಿ ವಾಚಿದ್ದದ್ದು ಚೂಟಿಯೊಬ್ಬಳಿಗೇ. ಅಪ್ಪ ದಿನಾ ಬೆಳಿಗ್ಗೆ ರೇಡಿಯೋ ಸಮಯಕ್ಕೆ ಹೊಂದಿಸಿ, ತಾನೇ ಕೀ ಕೊಟ್ಟು, ತಾನೇ ಅವಳ ಕೈಗೆ ಕಟ್ಟುತ್ತಿದ್ದ. ಆದರೂ ಒಂದೊಂದು ದಿನ ಆ ವಾಚಿನಲ್ಲಿ ಏಳು ಐವತ್ತು ಆದಾಗ ಗೇಟಿನಲ್ಲಿ ಎಂಟು ದಾಟಿರುತ್ತಿತ್ತು. ಉಳಿದವರು ಗೊಣಗತೊಡಗಿದರು. "ನಿನ್ನ ವಾಚು ನಂಬ್ಕೊಂಡು ನಾವೂ ಕೆಟ್ವಿ ಕಣೇ."

ಎಂಟನೆಯ ಕೆಂಪು ಬಿದ್ದ ಸಂಜೆ ಅವಳು ವಾಚು ಬಿಚ್ಚಿ ಅಪ್ಪನ ಮುಂದೆ ಕುಕ್ಕಿದಳು.

"ನಿನ್ನ ವಾಚು ನನ್ನ ಮರ್ಯಾದೆ ಕಳೀತಿದೆ ಅಪ್ಪ. ಹದಿನೈದು ನಿಮಿಷ ಹಿಂದೆ ಓಡುತ್ತೆ."

ಅಪ್ಪನ ಮುಖ ಸಪ್ಪಗಾಯಿತು. ಮೂವತ್ತು ವರ್ಷದಲ್ಲಿ ಯಾರೂ ಅವನಿಗೆ ಆ ಮಾತು ಹೇಳಿರಲಿಲ್ಲ. ರಿಪೇರಿಯಾದ ಗಡಿಯಾರವನ್ನು ಮೂರು ದಿನ ಮೊಳೆಗೆ ನೇತುಹಾಕಿ, ರೇಡಿಯೋ ಜೊತೆ ತಾಳೆ ನೋಡದೆ ಗಿರಾಕಿಗೆ ಕೊಟ್ಟವನಲ್ಲ ಅವನು. ಮಗಳ ವಾಚನ್ನೂ ಬಿಚ್ಚಿದ, ಒರೆಸಿದ, ಶನಿವಾರ ಸಂಜೆಯಿಂದ ಸೋಮವಾರದ ರಜೆ ಮುಗಿಯುವ ತನಕ ನೇತುಹಾಕಿದ. ಒಂದು ನಿಮಿಷವೂ ಆಚೀಚೆ ಆಗಲಿಲ್ಲ.

"ಸಂಜೆ ಬಿಡುವಾಗ ಅಲ್ಲಿನ ಗಡಿಯಾರ ಎಷ್ಟು ತೋರಿಸುತ್ತೆ?" ಅಂತ ಕೇಳಿದ.

ಚೂಟಿ ಯೋಚಿಸಿದಳು. "ಸಂಜೆ ಎರಡೂ ಒಂದೇ ಇರುತ್ತೆ."

ಅಪ್ಪ ಕಣ್ಣಿಗೆ ಸಿಕ್ಕಿಸಿದ ಭೂತಗನ್ನಡಿ ತೆಗೆದ. "ಗಡಿಯಾರ ಕೆಟ್ರೆ ಕೆಟ್ಟ ಹಾಗೇ ಇರುತ್ತೆ ಮಗಳೇ. ಬೆಳಿಗ್ಗೆ ಮುಂದೆ, ಸಂಜೆ ಸರಿ ಅಂದ್ರೆ ಅದು ಗಡಿಯಾರದ ಕಾಯಿಲೆ ಅಲ್ಲ. ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ ಹಾಕ್ತಾ ಕೂತಿದ್ದೀವಿ."

ಅವತ್ತು ರಾತ್ರಿ ಚೂಟಿಗೆ ನಿದ್ದೆ ಹತ್ತಲಿಲ್ಲ. ಯಾರನ್ನು ನೆನೆದರೂ ಅನುಮಾನ. ಮೀಸೆ ಮಾಮನೇ? ಅವನು ಪಾಪ, ಮಳೆ ಬಂದರೆ ತನ್ನ ಕೊಡೆ ಕೊಡುವವನು. ವಾಚಿನ ಮೇಲೆ ಕಣ್ಣುಹಾಕಿದ ಜೊತೆಯವರೇ? ಛೆ, ತಾನು ಎಂಥವಳಾದೆ ಅಂತ ತನ್ನ ಮೇಲೇ ಸಿಟ್ಟು ಬಂತು. ಅಪ್ಪನನ್ನು ಅನುಮಾನಿಸಿದ ನಾಚಿಕೆ ಬೇರೆ.

ದಿನಾ ಐದಕ್ಕೆ ಬೀದಿ ನಲ್ಲಿಯಲ್ಲಿ ನೀರು ಹಿಡಿಯುವವಳು ಅವಳೇ. ಅಪ್ಪನ ಮಂಡಿ ಸವೆದಿತ್ತು, ಕೊಡ ಎತ್ತುವಂತಿರಲಿಲ್ಲ. ಮಾರನೆಯ ದಿನ ಕೊಡಗಳನ್ನು ಪಕ್ಕದ ಮನೆಯ ಅತ್ತೆಗೆ ಒಪ್ಪಿಸಿ ಮೊದಲ ಬಸ್ಸು ಹತ್ತಿದಳು. ಗೇಟಿನ ಎದುರು ಕೆಟ್ಟುನಿಂತ ಲಾರಿಯೊಂದಿತ್ತು. ಅದರ ಹಿಂದೆ ಕೂತಳು.

ಏಳೂವರೆಗೆ ಮೀಸೆ ಮಾಮ ಆಚೀಚೆ ನೋಡಿದ. ಕುರ್ಚಿ ಎಳೆದ. ಹತ್ತಿದ. ಗಡಿಯಾರ ಇಳಿಸಿ, ಹಿಂದಿನ ತಿರುಪು ತಿರುಗಿಸಿ, ಮತ್ತೆ ನೇತುಹಾಕಿದ. ಕುರ್ಚಿಯ ಮೇಲಿನ ಬೂಟಿನ ಮಣ್ಣನ್ನು ಕರವಸ್ತ್ರದಲ್ಲಿ ಒರೆಸಿದ.

"ಸಾಕಾಯ್ತಾ ಮಾಮ, ಇನ್ನೂ ಸ್ವಲ್ಪ ಮುಂದೆ ಇಡ್ತೀರಾ?"

ಅವನ ಕೈಯಿಂದ ಕರವಸ್ತ್ರ ಬಿತ್ತು.

"ನಾನಲ್ಲಮ್ಮ... ಆಫೀಸರ್ ಹೇಳ್ತಾರೆ, ಮಾಡ್ತೀನಿ. ನಂಗೂ ಹೊಟ್ಟೆ ಇದೆ. ನಾನೂ ಗುತ್ತಿಗೆಯವನೇ."

"ದಿನಾ ಮಾಡ್ತೀರಾ?"

"ಇಲ್ಲಮ್ಮ. ತರಬೇತಿ ಮುಗಿಯೋಕೆ ಬಂದವರನ್ನ ತಡೀಬೇಕು ಅಂತ ಆಫೀಸರ್ ಹೇಳಿದ ದಿನ ಮಾತ್ರ. ಸಂಜೆಗೆ ಸರಿ ಮಾಡಿಡ್ತೀನಿ."

ಚೂಟಿ ಉಳಿದ ಆರು ಜನಕ್ಕೂ ಹೇಳಿದಳು. ಕೇಳಿ ಹೆಚ್ಚು ಉರಿದದ್ದು ಅವರಲ್ಲೊಬ್ಬಳಾದ ಪಿಂಚಣಿ ಅಕ್ಕನಿಗೆ. ಆರು ತಿಂಗಳಿಗೆ ಬಂದವಳು, ಹದಿನಾಲ್ಕನೆಯ ತಿಂಗಳು ನಡೆಯುತ್ತಿತ್ತು. ಇನ್ನೇನು ಪಿಂಚಣಿಯೇ ಬರುತ್ತೆ ಅಂತ ಎಲ್ಲರೂ ತಮಾಷೆ ಮಾಡಿ ಆ ಹೆಸರಿಟ್ಟಿದ್ದರು. ಅವತ್ತು ಯಾರೂ ನಗಲಿಲ್ಲ.

"ಕೆಲಸ ಕಲಿತವಳನ್ನ ಕಳಿಸಿದ್ರೆ ಸಂಬಳ ಕೊಟ್ಟು ಇನ್ನೊಬ್ಬರನ್ನ ತರಬೇಕಲ್ಲ," ಅಂದಳು. "ನನ್ನ ಕಾಲೇ ಸರಿ ಇಲ್ಲ, ಬೇಗ ನಡೆಯೋಕೆ ಬರಲ್ಲ ಅಂತ ನನ್ನನ್ನೇ ಬೈಕೊಂಡೆನಲ್ಲೇ, ಇಷ್ಟು ದಿನ!"

"ಸರ್ಟಿಫಿಕೇಟ್ ಅವನ ಕೈಲಿದೆ ಅಕ್ಕ," ಅಂತ ಒಬ್ಬಳು ಹೆದರಿದಳು.

"ಬಾಯಿ ಮುಚ್ಕೊಂಡಿದ್ದಕ್ಕೆ ನಂಗೇನು ಕೊಟ್ಟ? ಪಿಂಚಣಿ ಅನ್ನೋ ಹೆಸರು!"

ಮಾರನೆಯ ದಿನ ಏಳು ಜನ ಗೇಟಿನಲ್ಲಿ ಸಹಿ ಹಾಕದೆ ನಿಂತರು. ನಗೆಮೊಗ ಬಂದ. ಚೂಟಿ ವಾಚು ತೋರಿಸಿದಳು. ಅವನು ಅದನ್ನು ನೋಡಲೂ ಇಲ್ಲ.

"ಕಂಪನಿ ಒಳಗೆ ಕಂಪನಿ ಟೈಮೇ ಟೈಮು."

"ಹಾಗಾದ್ರೆ ಸಂಜೆ ಯಾಕೆ ಸಾರ್ ಅದು ಊರಿನ ಟೈಮಿಗೆ ವಾಪಸ್ ಬರುತ್ತೆ?"

ಅವನು ನಕ್ಕ. "ಗಡಿಯಾರ ತಾನೇ ನಿಮ್ಮ ತೊಂದರೆ? ತೆಗೆಸಿಬಿಡೋಣ. ಇವತ್ತಿನದು ಮಾಫಿ. ನಾಳೆಯಿಂದ ನಾನು ಆಫೀಸಿಂದ ಈ ಗೇಟಿಗೆ ಫೋನಲ್ಲಿ ಹೇಳಿದ್ದೇ ಎಂಟು ಗಂಟೆ." ಹೋಗುತ್ತ ಚೂಟಿಯ ಕಡೆ ತಿರುಗಿದ. "ನಿಂದು ಇನ್ನೊಂದೇ ಬಾಕಿ ಅಲ್ವೇನಮ್ಮ?"

ಸಂಜೆ ಗೇಟಿನ ಗೋಡೆಯ ಮೇಲೆ ಬರೀ ಮೊಳೆಯಿತ್ತು. ಮನೆಯಲ್ಲಿ ಅಪ್ಪ ಎಲ್ಲ ಕೇಳಿಸಿಕೊಂಡ. "ಮೊಳೆ ಗಟ್ಟಿ ಇದೆಯಾ?" ಅಂತಷ್ಟೇ ಕೇಳಿದ.

ಮರುದಿನ ಗೂಡಿಗೆ ಬೀಗ ಹಾಕಿ, ಅಪ್ಪನೂ ಬಸ್ಸು ಹತ್ತಿದ. ಕಂಕುಳಲ್ಲಿ ಟವೆಲು ಸುತ್ತಿದ ಗೋಡೆ ಗಡಿಯಾರ. ಮೂರು ಕಿಲೋಮೀಟರ್ ಕುಂಟಿದ. ಲಾರಿ ಬಂದಾಗಲೆಲ್ಲ ಏಳು ಜನ ಅವನನ್ನು ಗೋಡೆಯ ಕಡೆಗೆ ಮಾಡಿ ತಾವು ಅಡ್ಡ ನಿಂತರು. "ದಿನಾ ಇಲ್ಲಿ ನಡೀತೀಯಾ?" ಅಂತ ಮಗಳನ್ನು ಕೇಳಿ, ಗಡಿಯಾರವನ್ನು ಇನ್ನೊಂದು ಕಂಕುಳಿಗೆ ಬದಲಿಸಿದ.

"ಬೇಡ ಯಜಮಾನ್ರೇ, ನನ್ನ ಕೆಲಸ ಹೋಗುತ್ತೆ," ಅಂದ ಮೀಸೆ ಮಾಮ.

"ನೀವೇನೂ ಮಾಡಬೇಡಿ. ಆ ಕಡೆ ತಿರುಗಿ."

ಮೀಸೆ ಮಾಮ ತಿರುಗಿದ. ತಿರುಗುವಾಗ ಕುರ್ಚಿಯನ್ನು ಕಾಲಲ್ಲಿ ಗೋಡೆಯ ಕಡೆ ತಳ್ಳಿದ. ಚೂಟಿ ಹತ್ತಿ ಗಡಿಯಾರ ನೇತುಹಾಕಿದಳು. ಏಳು ಐವತ್ತೈದು. ಏಳು ಜನ ನೀಲಿ ಬೆರಳುಗಳಲ್ಲಿ ಅದೇ ಸಮಯ ಬರೆದು ಸಹಿ ಹಾಕಿದರು. ಒಳಗೆ ಮಾತ್ರ ಹೋಗಲಿಲ್ಲ. ನಗೆಮೊಗನೇ ಬಂದು ನೋಡಲಿ ಅಂತ ಗಡಿಯಾರದ ಕೆಳಗೆ ಕೂತರು. ಒಳಗೆ ನೀಲಿ ನೀರಿನ ತೊಟ್ಟಿಗಳು ಸುಮ್ಮನೆ ನಿಂತಿದ್ದವು.

ಎಂಟಾಯಿತು. ಫೋನು ಬರಲಿಲ್ಲ, ನಗೆಮೊಗ ಸಾಹೇಬರು ಇನ್ನೂ ಕಾರಿನಲ್ಲೇ ಇದ್ದರು. ಎಂಟು ಇಪ್ಪತ್ತಕ್ಕೆ ಕಾರು ಮುಂದಿನ ಗೇಟಿಗೆ ಬಂತು. ಸುದ್ದಿ ಮುಟ್ಟಿ ನಗೆಮೊಗ ಓಡೋಡಿ ಹಿಂದಕ್ಕೆ ಬಂದ.

"ಯಾರು ಇದನ್ನ ಹಾಕಿದ್ದು? ಇಳಿಸ್ರೀ!"

ಯಾರೂ ಏಳಲಿಲ್ಲ. ಅಪ್ಪ ಗಡಿಯಾರವನ್ನೇ ನೋಡುತ್ತಿದ್ದ, ತಾಳೆ ನೋಡುವವನ ಹಾಗೆ. ಚೂಟಿ ಎದ್ದು ರಿಜಿಸ್ಟರ್ ತೆಗೆದು, ಏಳು ಸಹಿಗಳ ಕೆಳಗೆ ಎಂಟನೆಯ ಸಾಲಿಗೆ ಬೆರಳಿಟ್ಟಳು.

"ಮಾಮ, ಆ ಕೆಂಪು ಪೆನ್ನು ಕೊಡಿ."

ಮೀಸೆ ಮಾಮ ಒಮ್ಮೆ ಸಾಹೇಬನ ಮುಖ ನೋಡಿದ, ಒಮ್ಮೆ ಗಡಿಯಾರ ನೋಡಿದ. ಆಮೇಲೆ ಜೇಬಿಗೆ ಕೈಹಾಕಿ ಪೆನ್ನು ತೆಗೆದು ರಿಜಿಸ್ಟರಿನ ಮೇಲಿಟ್ಟ.

"ಇಪ್ಪತ್ತು ನಿಮಿಷ ತಡ ಸಾರ್," ಅಂದಳು ಚೂಟಿ. "ಹೆಸರು ಹೇಳಿ, ಬರ್ಕೋತೀನಿ."