ಗಂಜಿ ಆರುವ ಮೊದಲು

ಬಾಗಲಕೋಟೆಯಲ್ಲಿ ಪ್ಲೇಗು ಎದ್ದ ವರ್ಷ ನೇಕಾರ ಗೌಸಸಾಬ ಹೆಂಡತಿ ಅಬೇದಾಳನ್ನು ಕರೆದುಕೊಂಡು ಇಳಕಲ್ಲಿನ ನಮ್ಮ ಓಣಿಗೆ ಬಂದ. ತಿಂಗಳು ಕಳೆದರೂ ಇಬ್ಬರಿಗೂ ಒಂದು ಕೆಮ್ಮೂ ಬರಲಿಲ್ಲ. ಆದರೂ ಓಣಿಯ ಹಿರಿಯ ಹುಲ್ಲಪ್ಪ ಅವರನ್ನು ಕಂಡರೆ ಮೂಗಿಗೆ ಧೋತರ ಹಿಡಿಯುತ್ತಿದ್ದ. ಅವರಿಗೆ ಬಾಡಿಗೆ ಮನೆ ಕೊಟ್ಟ ಖಾಸಿಂಸಾಬನೂ ಹೊಸ್ತಿಲ ಆಚೆಯೇ ನಿಂತು ಮಾತಾಡುತ್ತಿದ್ದ.

ನಮ್ಮಲ್ಲಿ ಯಾರದೇ ಹಾಸಿರಲಿ, ಅಂದರೆ ಮಗ್ಗಕ್ಕೆ ಏರಿಸುವ ಉದ್ದೆಳೆಗಳಿರಲಿ, ನಸುಕಿನಲ್ಲಿ ಆ ನೂಲನ್ನು ಬೀದಿಯುದ್ದ ಎಳೆದು ಕಟ್ಟಿ, ಗಂಜಿ ಹಚ್ಚಿ, ಅದು ಆರುವುದರೊಳಗೆ ಕುಂಚದಿಂದ ತಿಕ್ಕಬೇಕು. ತಡವಾದರೆ ಎಳೆಗಳು ಅಂಟಿಕೊಂಡು ಮಗ್ಗದಲ್ಲಿ ಪಟಪಟ ಹರಿಯುತ್ತವೆ. ಅದಕ್ಕೇ ಮನೆಗೊಬ್ಬರು ಕರೆಯದೇ ಬರುವುದು ರೂಢಿ.

ಅಂದು ಗೌಸಸಾಬನ ಮೊದಲ ಹಾಸು. ನೂಲು ಸಾವುಕಾರನದು, ಕೆಟ್ಟರೆ ಮತ್ತೆ ನೂಲಿಲ್ಲ, ಈ ಊರೂ ಇಲ್ಲ. ಪಾಪ, ರೂಢಿ ನಂಬಿ ಗಂಜಿ ಹಚ್ಚಿಬಿಟ್ಟ. ಒಂದು ಬಾಗಿಲೂ ತೆರೆಯಲಿಲ್ಲ. ಬಿಸಿಲೇರಿತು. ಅಬೇದಾ ಆ ತುದಿಯಿಂದ ಈ ತುದಿಗೆ ಓಡುತ್ತಿದ್ದಳು. ನನಗೇನು ಪ್ಲೇಗಿನ ಹೆದರಿಕೆ ಇರಲಿಲ್ಲವೇ? ಇತ್ತು. ಆದರೆ ಕಣ್ಣೆದುರಿಗೆ ನೂಲು ಹಾಳಾಗುವುದನ್ನು ನೋಡುತ್ತ ಕೂಡುವ ಜಾಯಮಾನ ನನ್ನದಲ್ಲ. ಕುಂಚ ಹಿಡಿದು ಹೊರಬಿದ್ದೆ.

“ಗುರುಲಿಂಗವ್ವ, ಮುಟ್ಟಬ್ಯಾಡ! ನಾಳೆ ನಿನ್ನ ಹಾಸು ತಿಕ್ಕಾಕ ಯಾರೂ ಬರೂದಿಲ್ಲ ನೋಡು!” ಹುಲ್ಲಪ್ಪ ಕಟ್ಟೆಯಿಂದ ಕೂಗಿದ.

“ಗಂಡ ಸತ್ತ ಮ್ಯಾಲೆ ಒಬ್ಬಾಕೀನ ಮಗ್ಗ ನಡಸೇನಿ. ನನಗ ಹೆದರಸ್ತೀರೇನು?”

ಅಂದವಳೇ ಅಬೇದಾಳ ಪಕ್ಕ ನಿಂತು ತಿಕ್ಕತೊಡಗಿದೆ. ಹಾಸು ಹೇಗೋ ಉಳಿಯಿತು.

ಕೆಲವು ದಿನಕ್ಕೆ ನನ್ನ ಹಾಸಿನ ಸರದಿ ಬಂತು. ಹಿಂದಿನ ಸಂಜೆ ಹುಲ್ಲಪ್ಪ ಖಾಸಿಂಸಾಬನಿಗೆ ಹೇಳಿದ್ದು, ನನಗೂ ಗೌಸಸಾಬನಿಗೂ ಕೇಳಲೆಂದೇ ಹೇಳಿದ್ದು: “ಆ ಹೊಸಬರು ಈಕಿ ಹಾಸು ಮುಟ್ಟಿದ್ರ ಮನಿ ಬಿಡಸು.”

ಬೆಳಗ್ಗೆ ಬಾಗಿಲುಗಳೆಲ್ಲ ಮುಚ್ಚಿದ್ದವು. ಗೌಸಸಾಬನದೂ. ಖರೆ ಹೇಳುತ್ತೇನೆ, ಮೊದಲು ಮೈಯೆಲ್ಲ ಉರಿಯಿತು. ಆಮೇಲೆ, ಬರದಿದ್ದರೇ ಚಲೋ ಅನ್ನಿಸಿತು. ನನ್ನನ್ನು ಈ ಓಣಿಯಿಂದ ಯಾರೂ ಅಲುಗಿಸಲಾರರು. ಅವರನ್ನು ಸಂಜೆಯೊಳಗೆ ಓಡಿಸುತ್ತಾರೆ. ಗಂಜಿಯ ಗಡಿಗೆ ಮುಂದಿಟ್ಟುಕೊಂಡು, ಹಚ್ಚಲೋ ಬಿಡಲೋ ಎಂದು ಕೂತೆ.

ಬಾಗಿಲು ಕಿರ್ರೆಂದಿತು. ಇಬ್ಬರೂ ಕುಂಚ ಹಿಡಿದು ಹೊರಬಂದರು.

“ಒಳಗ ಹೋಗ್ರಿ! ಹುಚ್ಚಗಿಚ್ಚ ಹಿಡದೈತೇನು? ಮನಿ ಹೋಗತೈತಿ!” ಎಂದು ಒದರಿದೆ.

“ಸಾಮಾನು ಕಟ್ಟೇವ್ರಿ ಅವ್ವಾರ,” ಎಂದಳು ಅಬೇದಾ, ಹಾಸಿನ ತುದಿ ಹಿಡಿಯುತ್ತ. “ಬಿಸಲ ಬರತೈತಿ. ಗಂಜಿ ಹಚ್ಚರಿ.”

ತೆರೆದ ಬಾಗಿಲಿನೊಳಗೆ ಗಂಟುಗಳು ಸಾಲಾಗಿ ಕಾಣಿಸಿದವು. ಕಣ್ಣು ತುಂಬಿ ಎಳೆ ಕಾಣದಂತಾಯಿತು. ಆದರೂ ಹಚ್ಚಿದೆ.