ಕಿರುಬೆರಳಿನ ಸಾಕ್ಷಿ

ಕಿರುಬೆರಳನ್ನು ಕೋವಿಯ ನಳಿಗೆಯ ಬುಡಕ್ಕೆ ತೂರಿಸಿ ಲೇತಜ್ಜ ಕಣ್ಣು ಮುಚ್ಚಿಕೊಂಡ. ಬೆರಳು ಏನನ್ನೂ ಹೇಳಲಿಲ್ಲ. ತಿರುಗಿಸಿ ನೋಡಿದ. ಬಟ್ಟೆ ಸುತ್ತಿದ ಕಡ್ಡಿಯನ್ನು ತಿರುಗಿಸಿದ ಹಾಗಿತ್ತು. ಕಣ್ಣು ಬಿಟ್ಟು, ಕೋವಿಯನ್ನು ಕಿಟಕಿಯ ಬೆಳಕಿಗೆ ಹಿಡಿದು, ಟಾರ್ಚು ಹಾಕಿ, ಅದೂ ಸಾಲದೆಂದು ಒಂದು ಪೆನ್ಸಿಲನ್ನೂ ಒಳಗೆ ಬಿಟ್ಟು ನೋಡಿದ.

"ಖಾಲಿ," ಎಂದ.

ಎದುರು ಕೂತಿದ್ದ ಗೆಳೆಯ, ಕೋವಿ ಅಂಗಡಿಯವನು, ಅದನ್ನು ಇಸಿದುಕೊಂಡು ತನ್ನ ಕಿರುಬೆರಳು ಹಾಕಿದ. "ಖಾಲಿ. ಪೆನ್ಸಿಲ್ ಬೇರೆ ಬಿಡ್ತೀಯಲ್ಲೋ, ಕೋವಿಗೆ ಜ್ವರ ನೋಡ್ತಿದೀಯಾ?"

ಲೇತಜ್ಜ ನಗಲಿಲ್ಲ.

ಕಾರ್ಖಾನೆಯಲ್ಲಿ ಮೂವತ್ತೆಂಟು ವರ್ಷ ಲೇತ್ ಯಂತ್ರದ ಮುಂದೆ ನಿಂತವನಿಗೆ ಬೀದಿಯವರು ಇಟ್ಟ ಹೆಸರು ಅದು. ಮುರಿದ ಕೋವಿಗಳನ್ನೇ ಹುಡುಕಿ ತರುತ್ತಿದ್ದ. ಎಲ್ಲಿಯೂ ಸಿಗದ ಪಿನ್ನು, ತಿರುಪುಗಳನ್ನು ತಾನೇ ಕಡೆದು ಕೂರಿಸುತ್ತಿದ್ದ. ಹಾಗೆ ಇಪ್ಪತ್ತಾರು ಆಗಿದ್ದವು. ಈ ತಿಂಗಳು ಅವು ಎರಡು ಮೂರರಂತೆ ಗೆಳೆಯನ ಅಂಗಡಿಗೆ ಹೋದವು. ಈಗ ಕೈಯಲ್ಲಿದ್ದದ್ದನ್ನು ಬಿಟ್ಟರೆ ಗಾಜಿನ ಬೀರುವಿನಲ್ಲಿ ಉಳಿದಿದ್ದದ್ದು ಒಂದೇ, ಅವನು ಮೊದಲು ಕೊಂಡ ಸಣ್ಣ ಕೋವಿ. ಹಸಿರು ಬಟ್ಟೆಯ ಮೇಲೆ ಹೋದವುಗಳ ಹಿಡಿ ಕೂತಿದ್ದ ತಗ್ಗುಗಳು ಹಲ್ಲುದುರಿದ ಒಸಡಿನಂತೆ ಕಾಣುತ್ತಿದ್ದವು.

ಕೋವಿ ಕೈ ಬದಲಾಯಿಸುವಾಗ ಕೊಡುವವನೂ ಕೊಳ್ಳುವವನೂ ಕಿರುಬೆರಳು ಹಾಕಿ "ಖಾಲಿ" ಎನ್ನಬೇಕು. ಕಣ್ಣು ಮೋಸ ಮಾಡೀತು, ಬೆರಳು ಮಾಡದು. ಗೆಳೆಯರಿಬ್ಬರೂ ನಲವತ್ತು ವರ್ಷ ನಡೆಸಿಕೊಂಡು ಬಂದ ಕಟ್ಟಳೆ ಇದು.

ಹೋದ ತಿಂಗಳು ಬೆರಳು ಮೋಸ ಮಾಡಿತ್ತು. ಅವತ್ತು ಲೇತಜ್ಜ "ಖಾಲಿ" ಎಂದು ಕೊಟ್ಟ ಕೋವಿಗೆ ಅಂಗಡಿಯವನು ಬೆರಳು ಹಾಕಿದವನೇ ಹಿಂದೆಗೆದ. ನಳಿಗೆಯೊಳಗೆ ಕಡ್ಡಿ ಬಿಟ್ಟು ತೋಟಾ ಒಂದನ್ನು ಹೊರಗೆ ತಳ್ಳಿ, ಟೀ ತಟ್ಟೆಯ ಪಕ್ಕ ನಿಲ್ಲಿಸಿದ. ತೋಟಾವನ್ನು ಹೊರಗೆಳೆಯುವ ಕೊಕ್ಕೆ ಆ ಕೋವಿಯಲ್ಲಿ ಮುರಿದಿತ್ತು. ಲೇತಜ್ಜ ಹೊಸದನ್ನು ಮಾಡಿ, ಕಚ್ಚುತ್ತದೋ ಇಲ್ಲವೋ ನೋಡಲು ಒಂದು ತೋಟಾ ತುಂಬಿದ್ದ. ಕೊಕ್ಕೆ ಕಚ್ಚಿರಲಿಲ್ಲ. ತೋಟಾ ಒಳಗೇ ಉಳಿದದ್ದು ಅವನ ಗಮನಕ್ಕೆ ಬಂದಿರಲಿಲ್ಲ. ಸಕ್ಕರೆ ಕಾಯಿಲೆ ತಿಂದ ಬೆರಳಿಗೆ ಹಿತ್ತಾಳೆಯ ತಣುವೂ ತಾಕಿರಲಿಲ್ಲ.

ಅದಲ್ಲ ಅವನನ್ನು ಕೊರೆಯುತ್ತಿದ್ದದ್ದು. ಅದೇ ದಿನ ಬೆಳಿಗ್ಗೆ ಬೀರು ಒರೆಸುವಾಗ ಆ ಕೋವಿಯನ್ನು ಮಗಳ ಕೈಗೆ ಕೊಟ್ಟಿದ್ದ. ಅವಳು ನಳಿಗೆಯನ್ನು ಕೆನ್ನೆಗೆ ಆನಿಸಿಕೊಂಡು, ಹತ್ತು ನಿಮಿಷ ಹಾಡು ಗುನುಗುತ್ತ ನಿಂತಿದ್ದಳು.

"ಅವಳಿಗೆ ಹೇಳಿದೆಯಾ?" ಅಂಗಡಿಯವನು ದನಿ ತಗ್ಗಿಸಿ ಕೇಳಿದ.

"ಇಲ್ಲ."

"ನಿನ್ನ ಬಾಯಿಗೂ ಒಂದು ಕೊಕ್ಕೆ ಮಾಡಿಸಬೇಕು ಕಣೋ."

ಮಗಳು ಟೀ ತಂದಳು. ಹೊಲಿಗೆ ಅಂಗಡಿಯಿಂದ ನೇರ ಬಂದಿದ್ದಳು, ಅಳತೆಯ ಟೇಪು ಇನ್ನೂ ಕೊರಳಲ್ಲೇ ಇತ್ತು. ಅಂಗಡಿಗೆ ಒಯ್ಯಲೆಂದು ಕಂಬಳಿಯಲ್ಲಿ ಸುತ್ತಿಟ್ಟಿದ್ದ ಕೋವಿಯನ್ನೂ ಬೀರುವಿನಲ್ಲಿದ್ದದ್ದನ್ನೂ ನೋಡಿದಳು.

"ಬೀರುವಿನಲ್ಲಿರೋ ಆ ಕೊನೇದನ್ನೂ ಕೊಡ್ತೀರಾ? ಎಣ್ಣೆ ವಾಸನೆ ಅಂತ ನಾನು ಅವತ್ತು ಗೊಣಗಿದ್ದಕ್ಕೆ ಇಷ್ಟೆಲ್ಲಾನಾ ಅಪ್ಪ? ಇಲಿಗೆ ಹೆದರಿ ಮನೆ ಸುಟ್ಟ ಹಾಗಾಯ್ತು."

"ನಿನ್ನಿಂದ ಅಲ್ಲಮ್ಮ."

"ಮತ್ತೆ? ಮಾವ, ನೀವಾದ್ರೂ ಹೇಳಿ."

ಅಂಗಡಿಯವನು ಗಡ್ಡ ಕೆರೆದುಕೊಂಡ. "ನನ್ನ ಕೇಳಿದ್ರೆ, ಆ ಸಣ್ಣದರ ನಳಿಗೆಗೆ ಸೀಸ ಹುಯ್ದು ಮುಚ್ಚಿ ಕೊಡ್ತೀನಿ. ಗೋಡೆಗೆ ನೇತು ಹಾಕ್ಕೊಳ್ಳಿ. ಸಿಡಿಯೋದೂ ಇಲ್ಲ, ಸಾಯಿಸೋದೂ ಇಲ್ಲ. ನಿಮ್ಮಪ್ಪನ ಥರಾನೇ, ಬರೀ ಠೀವಿ."

ಅವಳು ನಕ್ಕಳು. ಬೀರು ತೆರೆದು ಆ ಸಣ್ಣ ಕೋವಿಯನ್ನು ಎತ್ತಿಕೊಂಡು, ಹಿಂದಿನಂತೆಯೇ ನಳಿಗೆಯನ್ನು ಕೆನ್ನೆಗೆ ಆನಿಸಿದಳು.

ಲೇತಜ್ಜ ಕೂಗಿದ. "ಬೆರಳು ಹಾಕಿ ನೋಡು!"

"ಯಾಕಪ್ಪ, ನೀವು ನೋಡಿರ್ತೀರಲ್ಲ. ಹುಟ್ಟಿದಾಗಿಂದ ಒಂದು ಸಲಾನೂ ನಾನು ಬೆರಳು ಹಾಕಿದವಳಲ್ಲ. ನೀವು ಖಾಲಿ ಅಂದ್ರೆ ಖಾಲಿ."

ಅವನು ಎದ್ದುಹೋಗಿ ಕೋವಿಯನ್ನು ಅವಳ ಕೆನ್ನೆಯಿಂದ ಸರಿಸಿದ. ಹೋದ ತಿಂಗಳದ್ದನ್ನು ಹೇಳಿದ. ಕೊಕ್ಕೆ, ತೋಟಾ, ಅವಳು ಗುನುಗಿದ ಹಾಡು. ಎಲ್ಲವನ್ನೂ ಕಾರ್ಖಾನೆಯಲ್ಲಿ ಯಂತ್ರದ ದೋಷ ಒಪ್ಪಿಸುವವನ ಹಾಗೆ ಒಂದೇ ದನಿಯಲ್ಲಿ ಹೇಳಿದ. "ಈ ಬೆರಳಿಗೆ ಏನೂ ಗೊತ್ತಾಗಲ್ಲಮ್ಮ. ಖಾಲಿ ಅಂದೆ. ಅದು ಸುಳ್ಳಾಯ್ತು."

ಮಗಳು ಒಂದು ಕೈಯಿಂದ ಕೆನ್ನೆ ಮುಟ್ಟಿಕೊಂಡಳು. ಅಂಗಡಿಯವನು ಆರಿದ ಟೀ ಕುಡಿದ. ಹೊರಗೆ ಯಾರೋ ಸೈಕಲ್ಲಿಗೆ ಗಾಳಿ ಹೊಡೆಯುತ್ತಿದ್ದರು.

ಆಮೇಲೆ ಅವಳು ಸಣ್ಣ ಕೋವಿಯ ಹಿಂಭಾಗ ತೆರೆದು ಕಿರುಬೆರಳನ್ನು ಒಳಗೆ ಹಾಕಿದಳು. ಸೂಜಿ ಹಿಡಿದು ಪಳಗಿದ ಬೆರಳು. ನಿಧಾನವಾಗಿ ಒಂದು ಸುತ್ತು ತಿರುಗಿಸಿ ಹೊರಗೆ ತೆಗೆದಳು. ಬೆರಳ ತುದಿಗೆ ಎಣ್ಣೆ ಹತ್ತಿತ್ತು.

"ಖಾಲಿ," ಎಂದಳು. "ಇನ್ಮೇಲೆ ಪ್ರತಿ ಸಲ ನಾನೇ ನೋಡ್ತೀನಪ್ಪ. ಸೀಸ ಗೀಸ ಏನೂ ಬೇಡ. ಇದೊಂದನ್ನ ಇಟ್ಕೊಳ್ಳಿ."

ಲೇತಜ್ಜ ಆ ಎಣ್ಣೆ ಹತ್ತಿದ ಬೆರಳನ್ನೇ ನೋಡಿದ. ಕೋವಿಯನ್ನು ಅವಳ ಕೈಯಿಂದ ತೆಗೆದು ಗೆಳೆಯನ ಮುಂದೆ ಚಾಚಿದ.

"ಬೇಡಮ್ಮ. ಈ ಕಾವಲು ನಿನ್ನ ಬೆರಳಿಗೆ ಬೇಡ."